ಆ ಪುಣ್ಯಾತ್ಮನ ಹೆಸರು

ನಮ್ಮ ದೊಡ್ಡಮಾವ ಅಮೆರಿಕಕ್ಕೆ ಹೋದದ್ದು 1971ರಲ್ಲಿ. ಅರಸೀಕೆರೆಯಿಂದ ರೈಲು ಹತ್ತಿ ಮದ್ರಾಸಿಗೆ ಹೋಗಿ, ಅಲ್ಲಿನ ಅಮೆರಿಕನ್ ಕಾನ್ಸುಲೇಟಿನಲ್ಲಿ ವೀಸಾ ತಗೊಂಡು ಬಂದರು. ಅಜ್ಜಿ ಕಟ್ಟಿಕೊಟ್ಟ ಚಟ್ನಿಪುಡಿ, ಎರಡು ಜೊತೆ ಪ್ಯಾಂಟು ಶರಟು, ಇಂಜಿನಿಯರಿಂಗ್ ಡಿಗ್ರಿಯ ಕಾಗದ, ಜೇಬಿನಲ್ಲಿ 8 ಡಾಲರ್. ಆಗ ದೇಶದಿಂದ ಹೊರಗೆ ಅಷ್ಟೇ ಒಯ್ಯಬಹುದಿತ್ತು. ಈ 8 ಡಾಲರಿನ ಕಥೆ ನಮ್ಮ ಮನೆಯ ಎಲ್ಲ ಮಕ್ಕಳಿಗೂ ಬಾಯಿಪಾಠ.

ಹೋದ ವರ್ಷ ಫೋನಿನಲ್ಲಿ ಮಾತಾಡುವಾಗ ನಾನು ಬೇರೆ ಪ್ರಶ್ನೆ ಕೇಳಿದೆ.

"ಮಾವ, ನಿಮಗೆ ಗ್ರೀನ್ ಕಾರ್ಡ್ ಅಷ್ಟು ಬೇಗ ಹೇಗೆ ಸಿಕ್ತು? ಈಗ ನೋಡಿದ್ರೆ ಜನ ವರ್ಷಗಟ್ಟಲೆ ಕಾಯ್ತಾರೆ."

"ಯಾರೋ ಪುಣ್ಯಾತ್ಮ ಕಾನೂನು ಬದಲಾಯಿಸಿದ್ನಂತೆ ಕಣಮ್ಮ. ನಾವು ಹೋಗೋ ಹೊತ್ತಿಗೆ ಬಾಗಿಲು ತೆಗೆದಿತ್ತು."

"ಯಾರು ಮಾವ ಅದು?"

"ಗೊತ್ತಿಲ್ಲಮ್ಮ. ಕೇಳ್ಕೊಳ್ಳೋಕೆ ಪುರುಸೊತ್ತು ಎಲ್ಲಿತ್ತು?"

ಆ ಮಾತು ನನ್ನ ತಲೆಯಲ್ಲೇ ಉಳಿಯಿತು. 50 ವರ್ಷಕ್ಕೂ ಜಾಸ್ತಿ ನಮ್ಮ ಮನೆಯ ಒಂದು ಕೊಂಬೆ ಆ ದೇಶದಲ್ಲಿ ಬೆಳೆದಿದೆ. ಮದುವೆ, ಮಕ್ಕಳು, ಮೊಮ್ಮಕ್ಕಳು ಎಲ್ಲ ಅಲ್ಲೇ. ಬಾಗಿಲು ತೆಗೆದವರ ಹೆಸರು ಮಾತ್ರ ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಹುಡುಕಿದೆ. ಸಿಕ್ಕ ಹೆಸರು ಇಮ್ಯಾನ್ಯುಯೆಲ್ ಸೆಲ್ಲರ್.

ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ 1888ರ ಮೇ 6ರಂದು ಹುಟ್ಟಿದವರು. ಯಹೂದಿ ಮನೆತನ, ಅಜ್ಜ ಅಜ್ಜಿಯರ ಕಾಲದಲ್ಲಿ ಜರ್ಮನಿಯಿಂದ ಬಂದವರು. ಅಪ್ಪನದು ವಿಸ್ಕಿ ವ್ಯಾಪಾರ. ಮನೆಯ ನೆಲಮಾಳಿಗೆಯಲ್ಲೇ ವಿಸ್ಕಿಯ ದೊಡ್ಡ ತೊಟ್ಟಿ ಇತ್ತಂತೆ. ಆ ವ್ಯಾಪಾರ ಮುಳುಗಿತು. ಅಪ್ಪ ಮನೆಮನೆಗೆ ವೈನ್ ಮಾರುವ ಕೆಲಸ ಹಿಡಿದರು. ಮಗ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಅಪ್ಪ ತೀರಿಕೊಂಡರು. ಅಪ್ಪನ ವೈನ್ ಗಿರಾಕಿಗಳನ್ನು ಮಗನೇ ವಹಿಸಿಕೊಂಡ. ಬೆಳಗ್ಗೆ ಪಾಠ, ಮಧ್ಯಾಹ್ನದಿಂದ ಸಂಜೆವರೆಗೆ ವೈನ್ ಮಾರಾಟ. ಹಾಗೆ ಓದಿ 1912ರಲ್ಲಿ ಕಾನೂನು ಪದವಿ ಪಡೆದರು.

ಅಪ್ಪ ಹೋದ ಮೇಲೆ ಅಪ್ಪನ ಅಂಗಡಿಯಲ್ಲಿ ಕೂತು ಸಂಜೆ ಕಾಲೇಜಿಗೆ ಹೋದ ಹುಡುಗರು ನಮ್ಮ ಊರಲ್ಲೂ ಇದ್ದರು. ಅವರ ಮುಖಗಳು ಕಣ್ಣ ಮುಂದೆ ಬಂದವು. ಅದಕ್ಕೇ ಇರಬೇಕು, ಈ ಮನುಷ್ಯ ನನಗೆ ಬೇಗ ಹತ್ತಿರವಾದರು.

1922ರಲ್ಲಿ ಡೆಮಾಕ್ರಟಿಕ್ ಪಕ್ಷದಿಂದ ಪ್ರತಿನಿಧಿ ಸಭೆಗೆ, ಅಂದರೆ ನಮ್ಮ ಲೋಕಸಭೆಯಂಥ ಸಭೆಗೆ, ಗೆದ್ದರು. 1923ರ ಮಾರ್ಚ್ 4ಕ್ಕೆ ಅವಧಿ ಶುರು. ಆಗ ವಯಸ್ಸು 34. ಅಲ್ಲಿಂದ 1973ರ ಜನವರಿವರೆಗೆ ಅದೇ ಸಭೆ, ಅದೇ ಬ್ರೂಕ್ಲಿನ್. ಎರಡೆರಡು ವರ್ಷಕ್ಕೆ ಒಂದು ಚುನಾವಣೆಯಂತೆ 25 ಸಲ ಗೆದ್ದರು. ಹತ್ತಿರ ಹತ್ತಿರ 50 ವರ್ಷ.

ಅವರ ಅವಧಿ ಶುರುವಾಗುವ ಎರಡು ವಾರ ಮೊದಲು, 1923ರ ಫೆಬ್ರವರಿ 19ರಂದು, ಅಮೆರಿಕದ ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತ್ತು. ಪಂಜಾಬಿನಿಂದ ಹೋಗಿದ್ದ ಭಗತ್ ಸಿಂಗ್ ಥಿಂಡ್ ಅವರ ಕೇಸು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿ ಇದ್ದವರು ಅವರು. ಪೌರತ್ವ ಕೇಳಿದರು. ಆಗಿನ ಕಾನೂನಿನಲ್ಲಿ ಹೊರಗಿನಿಂದ ಬಂದು ಪೌರರಾಗಬೇಕಾದರೆ ಬಿಳಿಯರಾಗಿರಬೇಕು ಅಥವಾ ಆಫ್ರಿಕಾ ಮೂಲದವರಾಗಿರಬೇಕು. ಸಾಮಾನ್ಯ ಜನ ಯಾರನ್ನು ಬಿಳಿಯ ಅನ್ನುತ್ತಾರೋ ಆ ಅರ್ಥದಲ್ಲಿ ನೀನು ಬಿಳಿಯನಲ್ಲ ಎಂದು ಕೋರ್ಟ್ ಹೇಳಿತು. ಅದಾದ ಮೇಲೆ ಆಗಲೇ ಪೌರತ್ವ ಸಿಕ್ಕಿದ್ದ ಭಾರತೀಯರಿಂದಲೂ ಅದನ್ನು ಕಿತ್ತುಕೊಳ್ಳತೊಡಗಿದರು. 1917ರ ಕಾನೂನು ಭಾರತದಿಂದ ಹೊಸಬರು ಬರುವುದನ್ನು ಮೊದಲೇ ನಿಲ್ಲಿಸಿತ್ತು. ಅಂದರೆ ಬರೋ ಹಾಗೂ ಇಲ್ಲ, ಬಂದವರು ಪೌರರಾಗೋ ಹಾಗೂ ಇಲ್ಲ.

ಮರುವರ್ಷ, 1924ರಲ್ಲಿ, ಇನ್ನೂ ದೊಡ್ಡ ಮಸೂದೆ ಬಂತು. ಪ್ರತಿ ದೇಶಕ್ಕೂ ಒಂದು ಕೋಟಾ. 1890ರ ಜನಗಣತಿಯಲ್ಲಿ ಅಮೆರಿಕದಲ್ಲಿ ಆ ದೇಶದಲ್ಲಿ ಹುಟ್ಟಿದವರು ಎಷ್ಟಿದ್ದರೋ ಅದರ ನೂರಕ್ಕೆ ಎರಡು ಪಾಲು. 1890 ಯಾಕೆ? ಇಟಲಿ, ಪೋಲೆಂಡ್, ರಷ್ಯಾ ಕಡೆಯಿಂದ ಜನ ಹೆಚ್ಚಾಗಿ ಬಂದದ್ದು ಅದಾದ ಮೇಲೆ. ಹಳೆಯ ಲೆಕ್ಕ ಹಿಡಿದರೆ ಅವರ ಪಾಲು ಸಣ್ಣದಾಗುತ್ತದೆ. ಲೆಕ್ಕದ ಪುಸ್ತಕವನ್ನು ಹಿಂದಕ್ಕೆ ತಿರುಗಿಸಿ ಜನರನ್ನು ಹೊರಗಿಡುವ ಉಪಾಯ ಅದು. ಮುಂದೆ 1929ರ ಹೊತ್ತಿಗೆ ಬ್ರಿಟನ್ನಿಗೆ ವರ್ಷಕ್ಕೆ 65,721 ಜಾಗ, ಇಟಲಿಗೆ 5,802. ಏಷ್ಯಾದವರಿಗೆ ಬಾಗಿಲೇ ಇಲ್ಲ.

ಸೆಲ್ಲರ್ ಸಭೆಯಲ್ಲಿ ಮಾಡಿದ ಮೊದಲ ದೊಡ್ಡ ಭಾಷಣ ಈ ಮಸೂದೆಯ ವಿರುದ್ಧ. ಅವರ ಕ್ಷೇತ್ರದ ಬೀದಿಗಳಲ್ಲಿ ಇದ್ದವರು ಇದೇ ಜನ. ಯಹೂದಿಗಳು, ಇಟಲಿಯವರು. ಅವರ ಅಣ್ಣ ತಮ್ಮಂದಿರು, ಅಪ್ಪ ಅಮ್ಮ ಇನ್ನೂ ಸಮುದ್ರದ ಆಚೆ. ಮತ ಹಾಕಿದಾಗ ಪರ 323, ವಿರುದ್ಧ 71. ಹೊಸ ಹುಡುಗ ಸೋತ. ಮೇ ತಿಂಗಳಲ್ಲಿ ಅಧ್ಯಕ್ಷ ಕೂಲಿಡ್ಜ್ ಸಹಿ ಹಾಕಿದರು.

ಇಷ್ಟು ದೊಡ್ಡ ಅಂತರದಲ್ಲಿ ಸೋತವರು ಆ ವಿಷಯ ಅಲ್ಲಿಗೇ ಬಿಟ್ಟು ಬೇರೆ ಕೆಲಸ ನೋಡಿಕೊಳ್ಳುತ್ತಾರೆ, ಅಲ್ವಾ? ಸೆಲ್ಲರ್ ಬಿಡಲಿಲ್ಲ. ಆ ಕಾನೂನು ಬಿದ್ದದ್ದು 1965ರಲ್ಲಿ. 41 ವರ್ಷ ಆ ಮನುಷ್ಯ ಅದೇ ಸಭೆಯಲ್ಲಿ ಕಾದು ಕೂತರು. ಈ 41 ಅನ್ನುವ ಅಂಕಿಯ ಮುಂದೆ ನಾನು ತುಂಬ ಹೊತ್ತು ಸುಮ್ನೆ ಕೂತಿದ್ದೆ.

ಕಾಯುತ್ತಿದ್ದಾಗ ಕಣ್ಣೆದುರೇ ಏನೇನು ಆಯಿತು ನೋಡಿ. ಹಿಟ್ಲರ್ ಬಂದ. ಯಹೂದಿಗಳು ಜೀವ ಉಳಿಸಿಕೊಳ್ಳಲು ಯುರೋಪಿನಿಂದ ಓಡಿದರು. ಅಮೆರಿಕದ ಬಾಗಿಲಲ್ಲಿ ಅದೇ ಕೋಟಾ. ಸೆಲ್ಲರ್ ತಮ್ಮದೇ ಪಕ್ಷದ ಅಧ್ಯಕ್ಷ ರೂಸ್‌ವೆಲ್ಟ್ ಸರ್ಕಾರದ ಮೇಲೆ, ವೀಸಾ ತಡೆಹಿಡಿಯುತ್ತಿದ್ದ ಅಧಿಕಾರಿಗಳ ಮೇಲೆ ಬಹಿರಂಗವಾಗಿ ಹರಿಹಾಯ್ದರು. ಕಾನೂನು ಸಡಿಲವಾಗಲಿಲ್ಲ. ಆ ವರ್ಷಗಳಲ್ಲಿ ಸಹಾಯ ಕೇಳಿ ಅವರ ಕಚೇರಿಗೆ ಬಂದ ಕಾಗದಗಳನ್ನು ನೆನೆದರೆ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಉತ್ತರ ಬರೆಯುವ ಕೈ ಇದೆ, ಬಾಗಿಲು ತೆಗೆಯುವ ಬಲ ಇಲ್ಲ.

ಭಾರತದ ಪಾಲಿಗೆ ಮೊದಲ ಬಿರುಕು ಬಿಟ್ಟದ್ದು 1946ರಲ್ಲಿ. ಕನೆಕ್ಟಿಕಟ್‌ನ ಕ್ಲೇರ್ ಬೂತ್ ಲೂಸ್ ಅನ್ನುವ ರಿಪಬ್ಲಿಕನ್ ಸದಸ್ಯೆ, ಬ್ರೂಕ್ಲಿನ್‌ನ ಡೆಮಾಕ್ರಟ್ ಸೆಲ್ಲರ್. ಇಬ್ಬರೂ ಬೇರೆ ಬೇರೆ ಪಕ್ಷ, ಆದರೂ ಭಾರತೀಯರ ಪರವಾದ ಒಂದೇ ಮಸೂದೆಯ ಹಿಂದೆ ನಿಂತರು. ಅಲ್ಲಿನ ಭಾರತೀಯರ ಸಂಘವಾದ ಇಂಡಿಯಾ ಲೀಗಿನ ಜೆ. ಜೆ. ಸಿಂಗ್ ಅನ್ನುವವರು ವಾಷಿಂಗ್ಟನ್ನಿನಲ್ಲಿ ಬಾಗಿಲು ಬಾಗಿಲಿಗೆ ಹೋಗಿ ಬೆಂಬಲ ಕೇಳುತ್ತಿದ್ದರು. ಮಸೂದೆ ಸಮಿತಿಯಲ್ಲಿ ಸಿಕ್ಕಿಕೊಂಡು ಒದ್ದಾಡಿತು. ಕೊನೆಗೆ ಜುಲೈ 2ರಂದು ಅಧ್ಯಕ್ಷ ಟ್ರೂಮನ್ ಸಹಿ ಹಾಕಿದರು. ಭಾರತೀಯರು ಅಮೆರಿಕದ ಪೌರರಾಗಬಹುದು ಎಂದಾಯಿತು. ಹೊಸದಾಗಿ ಬರಲು ವರ್ಷಕ್ಕೆ ಎಷ್ಟು ಜನಕ್ಕೆ ಜಾಗ ಗೊತ್ತಾ? 100.

ಇಡೀ ಭಾರತಕ್ಕೆ ನೂರೇ ನೂರು. ಕೇಳಿದರೆ ಅವಮಾನ ಅನ್ನಿಸುತ್ತದೆ. ಆದರೆ ಅಲ್ಲಿ ಆಗಲೇ ನೆಲೆಸಿದ್ದ ರೈತರಿಗೆ, ಕೂಲಿಗಳಿಗೆ ಅದು ಜೀವ ಬಂದ ಹಾಗೆ. ಕ್ಯಾಲಿಫೋರ್ನಿಯಾದಲ್ಲಿ ಬೇಸಾಯ ಮಾಡುತ್ತಿದ್ದ ದಲೀಪ್ ಸಿಂಗ್ ಸೌಂದ್ ಈ ಕಾನೂನಿನಿಂದಲೇ 1949ರಲ್ಲಿ ಪೌರರಾದರು. 1956ರಲ್ಲಿ ಚುನಾವಣೆ ಗೆದ್ದು ಪ್ರತಿನಿಧಿ ಸಭೆಗೆ ಬಂದರು. ಏಷ್ಯಾ ಮೂಲದ ಮೊದಲ ಸದಸ್ಯ ಅವರೇ. ಕಾನೂನು ತಂದ ಸೆಲ್ಲರ್ ಮತ್ತು ಆ ಕಾನೂನಿನಿಂದ ಪೌರರಾದ ಸೌಂದ್ ಒಂದೇ ಸಭೆಯಲ್ಲಿ ಕೂತರು.

ಇಲ್ಲಿ ಅಲ್ಲಿನ ಪದ್ಧತಿಯ ಬಗ್ಗೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಸೆಲ್ಲರ್ ಅರ್ಥವಾಗುವುದಿಲ್ಲ. ಅಮೆರಿಕದ ಸಂಸತ್ತಿನಲ್ಲಿ ಕೆಲಸ ನಡೆಯುವುದು ಸಮಿತಿಗಳಲ್ಲಿ. ಆಗ ಸಮಿತಿಯ ಅಧ್ಯಕ್ಷತೆ ಸಿಗುತ್ತಿದ್ದದ್ದು ಹಿರಿತನದಿಂದ. ಬಹುಮತದ ಪಕ್ಷದಲ್ಲಿ ಯಾರು ಆ ಸಮಿತಿಯಲ್ಲಿ ಜಾಸ್ತಿ ವರ್ಷ ಕೂತಿದ್ದಾರೋ ಅವರಿಗೆ. ಅಧ್ಯಕ್ಷರು ಒಂದು ಮಸೂದೆಯನ್ನು ವಿಚಾರಣೆಗೆ ತೆಗೆದುಕೊಂಡರೆ ಅದಕ್ಕೆ ಜೀವ. ಡ್ರಾಯರಿನಲ್ಲಿ ಇಟ್ಟು ಬೀಗ ಹಾಕಿದರೆ ಅದು ಅಲ್ಲೇ ಸಾಯುತ್ತದೆ. ಸೆಲ್ಲರ್ 1949ರಲ್ಲಿ ಜ್ಯುಡಿಷಿಯರಿ ಕಮಿಟಿಯ ಅಧ್ಯಕ್ಷರಾದರು. ನಡುವೆ ಎರಡು ವರ್ಷ ಬಿಟ್ಟರೆ ಕೊನೆಯವರೆಗೂ ಅವರೇ. ವಲಸೆ, ನಾಗರಿಕ ಹಕ್ಕು, ಸಂವಿಧಾನದ ತಿದ್ದುಪಡಿ ಎಲ್ಲವೂ ಅವರ ಮೇಜಿನ ಮೇಲೆ ಹಾದು ಹೋಗಬೇಕು.

ಆ ಮೇಜಿನಿಂದ ಹೊರಬಂದ ಕಾನೂನುಗಳು ಸಣ್ಣವಲ್ಲ. ದೊಡ್ಡ ಕಂಪನಿಗಳು ಚಿಕ್ಕವನ್ನು ನುಂಗುವುದಕ್ಕೆ ತಡೆ ಹಾಕಿದ 1950ರ ಕಾನೂನಿಗೆ ಅವರ ಹೆಸರೇ ಇದೆ. ಕಪ್ಪು ಜನರ ಹಕ್ಕಿಗಾಗಿ 1957, 1960, 1964ರಲ್ಲಿ ಬಂದ ಕಾನೂನುಗಳು, 1965ರ ಮತದಾನ ಹಕ್ಕಿನ ಕಾನೂನು, 1968ರದ್ದು. ಇವೆಲ್ಲ ಅವರ ಸಮಿತಿಯಲ್ಲಿ ರೂಪ ಪಡೆದವು. 1964ರಲ್ಲಿ ಓಹಾಯೋದ ರಿಪಬ್ಲಿಕನ್ ಸದಸ್ಯ ವಿಲಿಯಂ ಮೆಕಲಕ್ ಜೊತೆ ಸೇರಿ ಮಸೂದೆಯನ್ನು ದಡ ಸೇರಿಸಿದರು. 290 ಪರ, 130 ವಿರುದ್ಧ. ಅದಕ್ಕೆ ಸಹಿ ಬಿದ್ದದ್ದೂ ಒಂದು ಜುಲೈ 2ರಂದೇ. ನಮಗೆ ಪೌರತ್ವ ಕೊಟ್ಟ ಕಾನೂನಿಗೆ ಸಹಿಯಾಗಿ ಸರಿಯಾಗಿ 18 ವರ್ಷ.

ಆಮೇಲೆ ಬಂತು 1965. ವಲಸೆ ಕಾನೂನು ಬದಲಿಸಬೇಕು ಎಂದು ಅಧ್ಯಕ್ಷ ಕೆನಡಿ 1963ರಲ್ಲೇ ಸಂಸತ್ತಿಗೆ ಬರೆದಿದ್ದರು. ಅವರ ಕೊಲೆಯಾಯಿತು. ಅವರ ನಂತರ ಅಧ್ಯಕ್ಷರಾದ ಜಾನ್ಸನ್ ಅದನ್ನು ಮುಂದಕ್ಕೆ ಒಯ್ದರು. ಸೆನೆಟ್‌ನಲ್ಲಿ ಮಿಚಿಗನ್‌ನ ಫಿಲಿಪ್ ಹಾರ್ಟ್, ಪ್ರತಿನಿಧಿ ಸಭೆಯಲ್ಲಿ ಸೆಲ್ಲರ್. ಆಗಸ್ಟ್ 25ರಂದು ಮತ ಬಿತ್ತು. 318 ಪರ, 95 ವಿರುದ್ಧ. 1924ರ ಅಂಕಿಗಳನ್ನು ಪಕ್ಕದಲ್ಲಿ ಇಟ್ಟು ನೋಡಿ. ಹೆಚ್ಚು ಕಡಿಮೆ ಅದೇ ಸಂಖ್ಯೆಗಳು, ಆ ಕಡೆಯಿಂದ ಈ ಕಡೆಗೆ ಬಂದಿವೆ. 35ರ ವಯಸ್ಸಿನಲ್ಲಿ ಸೋತವರು 77ರ ವಯಸ್ಸಿನಲ್ಲಿ ಗೆದ್ದರು. ಅಕ್ಟೋಬರ್ 3ರಂದು ಸ್ವಾತಂತ್ರ್ಯದೇವಿಯ ಪ್ರತಿಮೆಯ ಬುಡದಲ್ಲಿ ಜಾನ್ಸನ್ ಸಹಿ ಹಾಕಿದರು.

ಹೊಸ ಕಾನೂನಿನಲ್ಲಿ ಹುಟ್ಟಿದ ದೇಶದ ಮೇಲೆ ಮೇಲು ಕೀಳು ಇಲ್ಲ. ಪೂರ್ವ ಗೋಳಾರ್ಧದ ಎಲ್ಲ ದೇಶಗಳಿಗೂ ಸೇರಿ 1,70,000 ವೀಸಾ. ಒಂದು ದೇಶಕ್ಕೆ ಹೆಚ್ಚೆಂದರೆ 20,000. ಅಲ್ಲಿ ಆಗಲೇ ಇರುವವರ ಹತ್ತಿರದ ನೆಂಟರಿಗೆ ದೊಡ್ಡ ಪಾಲು. ಓದಿದ ವೃತ್ತಿಯವರಿಗೆ ಒಂದು ಪಾಲು, ಅದಕ್ಕೆ 'ಮೂರನೇ ಆದ್ಯತೆ' ಎಂದು ಹೆಸರು. ಡಾಕ್ಟರು, ಇಂಜಿನಿಯರು, ವಿಜ್ಞಾನಿಗಳು ಬರುತ್ತಿದ್ದದ್ದು ಇದರಲ್ಲಿ. ನಮ್ಮ ಮಾವ ಹೋದದ್ದೂ ಇದರಲ್ಲೇ.

ಈಗ ನನ್ನನ್ನು ಬಹಳ ಕಾಡಿದ ಸಂಗತಿಗೆ ಬರುತ್ತೇನೆ. ಆ ಚರ್ಚೆಯಲ್ಲಿ ವಿರೋಧಿಗಳು ಕೇಳಿದರು, ಏಷ್ಯಾದವರು, ಆಫ್ರಿಕಾದವರು ನುಗ್ಗಿ ಬಂದರೆ ಏನು ಗತಿ? ಸೆಲ್ಲರ್ ಅವರಿಗೆ ಧೈರ್ಯ ಹೇಳಿದರು. ಆ ಖಂಡಗಳವರಿಗೆ ಇಲ್ಲಿ ನೆಂಟರಿಷ್ಟರೇ ಇಲ್ಲ, ಹಾಗಾಗಿ ಬರುವವರು ಕಡಿಮೆ ಎಂದರು. ನೆಂಟರಿಗೆ ದೊಡ್ಡ ಪಾಲು ಇಡಬೇಕೆಂದು ಪಟ್ಟು ಹಿಡಿದಿದ್ದ ಮೈಕೆಲ್ ಫೀಗನ್ ಅನ್ನುವ ಸದಸ್ಯರ ಎಣಿಕೆಯೂ ಅದೇ. ಇರುವವರ ನೆಂಟರೇ ಬಂದರೆ ದೇಶದ ಬಣ್ಣ ಬದಲಾಗುವುದಿಲ್ಲ ಎಂದು.

ಆ ಲೆಕ್ಕ ಪೂರ್ತಿ ತಪ್ಪಿತು. ಮೂರನೇ ಆದ್ಯತೆಯಲ್ಲಿ ಒಬ್ಬ ಇಂಜಿನಿಯರ್ ಬಂದರು. ಊರಿಗೆ ಹೋಗಿ ಮದುವೆಯಾಗಿ ಹೆಂಡತಿಯನ್ನು ಕರೆತಂದರು. ಪೌರರಾದ ಮೇಲೆ ತಮ್ಮನಿಗೆ ಅರ್ಜಿ ಹಾಕಿದರು, ತಂಗಿಗೆ ಹಾಕಿದರು. ನಮ್ಮ ಮನೆಯ ಕಥೆ ಅಕ್ಷರಶಃ ಇದೇ. ಮಾವ, ಅತ್ತೆ, ಆಮೇಲೆ ಚಿಕ್ಕಮಾವ, ಆಮೇಲೆ ಅತ್ತೆಯ ತಂಗಿ. ಇವತ್ತು ಭಾರತ ಮೂಲದವರು ಅಲ್ಲಿ 50 ಲಕ್ಷಕ್ಕೂ ಜಾಸ್ತಿ. ಕನ್ನಡ ಕೂಟಗಳೆಲ್ಲ ಸೇರಿದ 'ಅಕ್ಕ' 2000ದಲ್ಲಿ ಹ್ಯೂಸ್ಟನ್‌ನಲ್ಲಿ ತನ್ನ ಮೊದಲ ವಿಶ್ವ ಕನ್ನಡ ಸಮ್ಮೇಳನ ಮಾಡಿತು. ಹಾರ್ಟ್ ಅವರ ಮಿಚಿಗನ್ ರಾಜ್ಯದಿಂದ 2023ರಲ್ಲಿ ಪ್ರತಿನಿಧಿ ಸಭೆಗೆ ಬಂದವರಲ್ಲಿ ಶ್ರೀ ಥಾನೇದಾರ್ ಒಬ್ಬರು. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದವರು.

ಸೆಲ್ಲರ್ ನಿಜವಾಗಿ ಹಾಗೆ ನಂಬಿದ್ದರಾ, ಅಥವಾ ಮತಕ್ಕಾಗಿ ಹಾಗೆ ಹೇಳಿದರಾ? ನಂಬಿದ್ದರು ಅಂತಲೇ ನನಗೆ ಅನ್ನಿಸುತ್ತದೆ. ಅವರು 41 ವರ್ಷ ಹೊತ್ತು ತಿರುಗಿದ್ದು ಬ್ರೂಕ್ಲಿನ್‌ನ ನೋವನ್ನು, ಇಟಲಿ ಪೋಲೆಂಡಿನ ನೋವನ್ನು. ಅರಸೀಕೆರೆ ಅವರ ಕಣ್ಣಿಗೆ ಬಿದ್ದಿರಲಿಲ್ಲ. ಆದರೂ ಎಲ್ಲ ದೇಶಕ್ಕೂ ಒಂದೇ ನಿಯಮ ಎಂದು ಬರೆದರು. ಬರೆದದ್ದು ಬರೆದವರಿಗಿಂತ ದೂರ ನೋಡಿತು.

ಅದೇ ನಿಯಮದ ಇನ್ನೊಂದು ಮುಖವೂ ನಮ್ಮ ಮನೆಯಲ್ಲೇ ಇದೆ. ನಮ್ಮ ಚಿಕ್ಕಮ್ಮನ ಮಗ ಅಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಗ್ರೀನ್ ಕಾರ್ಡಿಗೆ ಅರ್ಜಿ ಬಿದ್ದದ್ದು 2016ರಲ್ಲಿ. ಇನ್ನೂ ಸಿಕ್ಕಿಲ್ಲ. ದೇಶಕ್ಕೆ ಇಷ್ಟೇ ಅನ್ನುವ 1965ರ ಮಿತಿಯನ್ನು 1990ರ ಕಾನೂನು ವರ್ಷದ ಒಟ್ಟು ಜಾಗದಲ್ಲಿ ನೂರಕ್ಕೆ 7 ಎಂದು ಮಾಡಿತು. ಸಣ್ಣ ದ್ವೀಪಕ್ಕೂ ಅಷ್ಟೇ, ನೂರು ಕೋಟಿ ದಾಟಿದ ಭಾರತಕ್ಕೂ ಅಷ್ಟೇ. ಕೋಟಾದ ಅನ್ಯಾಯ ಕಂಡವರಿಗೆ ಎಲ್ಲ ದೇಶಕ್ಕೂ ಸಮ ಅನ್ನುವುದು ನ್ಯಾಯವಾಗಿ ಕಂಡಿತು. ಸಾಲಿನ ಕೊನೆಯಲ್ಲಿ ನಿಂತ ನಮ್ಮ ಹುಡುಗನಿಗೆ ಹಾಗೆ ಕಾಣುವುದಿಲ್ಲ. ಮಗಳಿಗೆ 21 ತುಂಬುವುದರೊಳಗೆ ಕಾರ್ಡ್ ಬರದಿದ್ದರೆ ಅವಳು ಆ ಅರ್ಜಿಯಿಂದ ಹೊರಗೆ ಬೀಳಬಹುದು. ಅವನಿಗೆ ರಾತ್ರಿ ನಿದ್ದೆ ಬರುವುದಿಲ್ಲ ಅಂತ ಚಿಕ್ಕಮ್ಮ ಹೇಳುತ್ತಾರೆ.

ಇನ್ನು ಹೆಣ್ಣುಮಕ್ಕಳ ವಿಷಯ. ಇದನ್ನು ಬರೆಯುವಾಗ ನನಗೆ ಬೇಸರ ಆಗುತ್ತದೆ, ಆದರೂ ಬಿಟ್ಟು ಬರೆದರೆ ತಪ್ಪಾಗುತ್ತದೆ.

1964ರ ಹಕ್ಕುಗಳ ಮಸೂದೆ ಚರ್ಚೆಯಲ್ಲಿ, ಕೆಲಸದ ಜಾಗದಲ್ಲಿ ಹೆಣ್ಣು ಗಂಡು ಭೇದವೂ ಕೂಡದು ಎಂದು ಸೇರಿಸಲು ವರ್ಜೀನಿಯಾದ ಹೋವರ್ಡ್ ಸ್ಮಿತ್ ತಿದ್ದುಪಡಿ ತಂದರು. ಅವರು ಮಸೂದೆಯ ಕಡು ವಿರೋಧಿ. ಇದರಿಂದ ಇಡೀ ಮಸೂದೆ ಮುಳುಗೀತು ಎಂಬ ಭಯ ಸೆಲ್ಲರ್‌ಗೆ ಇತ್ತು. ಅಷ್ಟೇ ಆಗಿದ್ದರೆ ಅರ್ಥ ಮಾಡಿಕೊಳ್ಳಬಹುದಿತ್ತು. ಆದರೆ ಅವರು ತಮಾಷೆಗೆ ಇಳಿದರು. ನಮ್ಮ ಮನೆಯಲ್ಲಿ ಕೊನೆಯ ಎರಡು ಮಾತು ನನ್ನದೇ, ಆಗಲಿ ಕಣೇ ಅನ್ನುವುದು, ಎಂಬ ಅರ್ಥದ ಮಾತಾಡಿದರು. ಸಭೆ ನಕ್ಕಿತು. ಮಿಚಿಗನ್‌ನ ಮಾರ್ತಾ ಗ್ರಿಫಿತ್ಸ್ ಎದ್ದು ನಿಂತು, ಹೆಣ್ಣು ಎರಡನೇ ದರ್ಜೆ ಅನ್ನುವುದಕ್ಕೆ ಬೇರೆ ಪುರಾವೆ ಬೇಡ, ಈ ನಗುವೇ ಸಾಕು ಎಂದು ಹೇಳಿದರು. ತಿದ್ದುಪಡಿ 168ಕ್ಕೆ 133ರಲ್ಲಿ ಪಾಸಾಯಿತು.

ಹೆಣ್ಣಿಗೆ ಸಮಾನ ಹಕ್ಕು ಕೊಡುವ ಸಂವಿಧಾನ ತಿದ್ದುಪಡಿಯದ್ದು ಇನ್ನೂ ಉದ್ದದ ಕಥೆ. ಸೆಲ್ಲರ್ ಅದನ್ನು ವರ್ಷಾನುಗಟ್ಟಲೆ ಡ್ರಾಯರಿನಲ್ಲೇ ಇಟ್ಟರು. ಹೆಣ್ಣು ಕಾರ್ಮಿಕರಿಗೆ ಇದ್ದ ರಕ್ಷಣೆಯ ಕಾನೂನುಗಳು ಇದರಿಂದ ಬಿದ್ದುಹೋಗುತ್ತವೆ ಎಂಬುದು ಅವರ ವಾದ. ಕಾರ್ಮಿಕ ಸಂಘಗಳೂ ಬಹಳ ಕಾಲ ಹಾಗೇ ಹೇಳುತ್ತಿದ್ದವು. ಇರಲಿ. ಒಂದು ವಿಚಾರಣೆಯನ್ನಾದರೂ ಮಾಡಬಹುದಿತ್ತಲ್ಲ? ಕಪ್ಪು ಜನರ ಮಸೂದೆಗಳನ್ನು ತಡೆದಿಟ್ಟ ದಕ್ಷಿಣ ರಾಜ್ಯಗಳ ಸಮಿತಿ ಅಧ್ಯಕ್ಷರೊಡನೆ ವರ್ಷಗಟ್ಟಲೆ ಗುದ್ದಾಡಿದವರು ಇವರೇ. 1970ರಲ್ಲಿ ಗ್ರಿಫಿತ್ಸ್ 218 ಸದಸ್ಯರ ಸಹಿ ಕೂಡಿಸಿ, ಮಸೂದೆಯನ್ನು ಅವರ ಸಮಿತಿಯಿಂದ ಎಳೆದು ಹೊರತಂದರು.

1972ರಲ್ಲಿ ಬ್ರೂಕ್ಲಿನ್‌ನಲ್ಲಿ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಒಳಚುನಾವಣೆ. ಸೆಲ್ಲರ್‌ಗೆ 84. ಎದುರು ನಿಂತವರು 30 ವರ್ಷದ ವಕೀಲೆ ಎಲಿಜಬೆತ್ ಹೋಲ್ಟ್ಸ್‌ಮನ್. ಬೃಹತ್ ಸ್ಮಾರಕವನ್ನು ಹಲ್ಲುಕಡ್ಡಿಯಿಂದ ಉರುಳಿಸಲು ಹೊರಟ ಹಾಗೆ ಎಂದು ಸೆಲ್ಲರ್ ಅವರನ್ನು ತಳ್ಳಿಹಾಕಿದರು. ಹೋಲ್ಟ್ಸ್‌ಮನ್ ಬೀದಿ ಬೀದಿಗೆ ಹೋಗಿ ಜನರ ಕೈ ಕುಲುಕಿದರು. ಸಮಾನ ಹಕ್ಕಿನ ವಿಷಯ ಎತ್ತಿದರು. ನಿಮ್ಮ ಪ್ರತಿನಿಧಿಗೆ ಕ್ಷೇತ್ರದಲ್ಲಿ ಒಂದು ಕಚೇರಿಯೂ ಇಲ್ಲ ಎಂದು ತೋರಿಸಿದರು. ಸುಮಾರು 600 ಮತಗಳಿಂದ ಗೆದ್ದರು.

ಆ ಬೀದಿಗಳ ನೋವಿಗೆ ಮಾತು ಕೊಟ್ಟೇ ರಾಜಕೀಯಕ್ಕೆ ಬಂದವರು ಸೆಲ್ಲರ್. ಕೊನೆಗೆ ಅದೇ ಬೀದಿಯಲ್ಲಿ ಅವರು ಕಾಣುತ್ತಿರಲಿಲ್ಲ. ಕೂತ ಜಾಗ ಬಿಡದ ಗುಣ ನಮಗೆ ಬಾಗಿಲು ತೆಗೆಯಿತು. ಅದೇ ಗುಣ ಅವರ ಕಿವಿಯನ್ನೂ ಮುಚ್ಚಿತು. ಇವೆರಡನ್ನೂ ಬೇರೆ ಮಾಡಿ ನೋಡಲು ನನಗೆ ಆಗುತ್ತಿಲ್ಲ.

ಎರಡು ವರ್ಷಕ್ಕೆ ಅದೇ ಜ್ಯುಡಿಷಿಯರಿ ಕಮಿಟಿಯಲ್ಲಿ ಅಧ್ಯಕ್ಷ ನಿಕ್ಸನ್ ಅವರ ಮಹಾಭಿಯೋಗದ ವಿಚಾರಣೆ ನಡೆಯಿತು. ಸಮಿತಿಯಲ್ಲಿ ಹೋಲ್ಟ್ಸ್‌ಮನ್ ಇದ್ದರು. ಮುಂದೆ ವಲಸೆಯ ಉಪಸಮಿತಿಗೆ ಅವರೇ ಅಧ್ಯಕ್ಷರಾದರು. ನಿರಾಶ್ರಿತರಿಗೆ ಬಾಗಿಲು ತೆಗೆದ 1980ರ ಕಾನೂನನ್ನು ಸೆನೆಟರ್ ಎಡ್ವರ್ಡ್ ಕೆನಡಿ ಜೊತೆ ಸೇರಿ ತಂದರು. ಹಿಟ್ಲರ್ ಕಾಲದಲ್ಲಿ ಸೆಲ್ಲರ್‌ಗೆ ಸಿಗದೇ ಹೋದದ್ದು ಅದು. ಅವರನ್ನು ಸೋಲಿಸಿದ ಹೆಣ್ಣುಮಗಳ ಕೈಯಿಂದ ಬಂತು. ಆಗ ಸೆಲ್ಲರ್ ಇನ್ನೂ ಬದುಕಿದ್ದರು. 1981ರ ಜನವರಿ 15ರಂದು, 92ರ ವಯಸ್ಸಿನಲ್ಲಿ, ಬ್ರೂಕ್ಲಿನ್‌ನಲ್ಲೇ ತೀರಿಕೊಂಡರು.

ಮೊನ್ನೆ ಭಾನುವಾರ ಮಾವನಿಗೆ ಇದನ್ನೆಲ್ಲ ಹೇಳಿದೆ. ಅವರು ನ್ಯೂಯಾರ್ಕಿನಲ್ಲಿ ವಿಮಾನ ಇಳಿದು ಕ್ವೀನ್ಸ್‌ನಲ್ಲಿ ಸ್ನೇಹಿತರ ಕೋಣೆಯಲ್ಲಿ ಮಲಗಿದ ಆ ವಾರ, ಪಕ್ಕದ ಬ್ರೂಕ್ಲಿನ್‌ಗೆ ಸೆಲ್ಲರ್ ಇನ್ನೂ ಪ್ರತಿನಿಧಿ ಎಂದೆ. ಹೋಲ್ಟ್ಸ್‌ಮನ್ ಕಥೆ ಹೇಳಿದೆ. ಏಷ್ಯಾದವರು ಜಾಸ್ತಿ ಬರುವುದಿಲ್ಲ ಎಂದು ಸಭೆಗೆ ಹೇಳಿದ್ದನ್ನೂ ಹೇಳಿದೆ.

"ಹಾಗಾದ್ರೆ ನಾವು ಬರ್ತೀವಿ ಅಂತ ಅವರಿಗೆ ಗೊತ್ತೇ ಇರ್ಲಿಲ್ವಾ?"

"ಇರ್ಲಿಲ್ಲ ಮಾವ."

ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದಿಲ್ಲ. ಫೋನ್ ಕಟ್ಟಾಯಿತೇನೋ ಅಂದುಕೊಂಡೆ. ಆಮೇಲೆ ಡ್ರಾಯರ್ ಎಳೆದ ಸದ್ದು, ಪೆನ್ನು ಹುಡುಕಿದ ಸದ್ದು.

"ಹೆಸರು ಇನ್ನೊಂದ್ಸಲ ಹೇಳಮ್ಮ. ನಿಧಾನಕ್ಕೆ ಹೇಳು, ಬರ್ಕೋತೀನಿ."